ಇಬ್ಬರೂ ಬರ್ತೀವಿ

ಕಾರ್ಯಗಳಿಗೆ ನಾಯಿ ಕರೆದುಕೊಂಡು ಹೋಗುವ ಮನುಷ್ಯ ಎಂದು ವಿಜಯಪುರದ ನಮ್ಮ ಓಣಿಯಲ್ಲಿ ನನಗೆ ಹೆಸರು ಬಿದ್ದಿದೆ. ಬೀಳಲಿ ಬಿಡಿ. ಮದುವೆಗೆ ಕುಡಿದು ಹೋಗುವವರಿದ್ದಾರೆ, ಪ್ರವಚನಕ್ಕೆ ಹೋಗಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ಕೂರುವವರಿದ್ದಾರೆ. ಅವರಿಗೆ ಯಾರೂ ಹೆಸರಿಡಲಿಲ್ಲ. ನಾನು ಒಂದು ಬಡ ಜೀವಕ್ಕೆ ಮೈ ತೊಳೆದು, ಕೊರಳಿಗೆ ಹಗ್ಗ ಹಾಕಿ, ಸ್ಕೂಟರಿನ ಮುಂದೆ ಕೂರಿಸಿಕೊಂಡು ಹೊರಟರೆ ಮಾತ್ರ ಎಲ್ಲರಿಗೂ ಎಲ್ಲಿಲ್ಲದ ನಗೆ.

ನಾಯಿಯೇನು ಮಹಾ ಜಾತಿಯದಲ್ಲ. ಕಾಲು ಉದ್ದವಾಗಿ, ಹೊಟ್ಟೆ ಒಳಗೆ ಹೋಗಿರುವ ಯಾವ ನಾಯಿ ಕಂಡರೂ ನಮ್ಮ ಕಡೆಯ ಜನ ಕೇಳುವುದು ಒಂದೇ ಪ್ರಶ್ನೆ: "ಮುಧೋಳದ್ದೇನ್ರಿ?" ಮೊದಮೊದಲು ಸಮಾಧಾನದಿಂದ ಅಲ್ಲ ಎನ್ನುತ್ತಿದ್ದೆ. ಆಮೇಲೆ ತಲೆಕೆಟ್ಟು, "ಅಲ್ರಿ, ನಮ್ಮ ಓಣ್ಯಾಗಿನ ಕಸದ ಡಬ್ಬಿದು" ಎನ್ನತೊಡಗಿದೆ. ಅದು ಸುಳ್ಳೂ ಅಲ್ಲ. ನನ್ನ ಹೆಂಡತಿ ಒಂದು ದಿನ ಸಂತೆಯಿಂದ ಬರುವಾಗ ಕಸದ ಡಬ್ಬಿಯ ಹತ್ತಿರ ಕುಂಯ್‌ಗುಡುತ್ತಿದ್ದ ಮರಿಯನ್ನು ಕಾಯಿಪಲ್ಲೆಯ ಚೀಲದಲ್ಲಿ, ಮೆಂತ್ಯದ ಸೊಪ್ಪಿನ ಮೇಲೆ ಮಲಗಿಸಿಕೊಂಡು ತಂದಿದ್ದಳು. ಆ ಮೆಂತ್ಯ ನಾನು ತಿನ್ನುವುದಿಲ್ಲ ಎಂದು ಅವತ್ತು ದೊಡ್ಡ ಜಗಳ ತೆಗೆದಿದ್ದೆ.

"ಹೆಸರಿಡೂದು ಬ್ಯಾಡ," ಎಂದಳು ಅವಳು. "ಹೆಸರಿಟ್ರ ಸಾಕಿದಂಗ ಆಗತೈತಿ. ನಾಕ ದಿನ ಇದ್ದು, ಗಟ್ಟಿ ಆಗಿ ಹೋಗ್ಲಿ."

ಅದು ಹೋಗಲಿಲ್ಲ. ಹೆಸರೂ ಬರಲಿಲ್ಲ. ಅವಳು ಅದನ್ನು "ಬೇ" ಎಂದು ಕರೆದಳು, ಅದೇ ನಿಂತಿತು. ನಮ್ಮ ಕಡೆ ಅವ್ವನಿಗೂ ಬೇ, ಅಕ್ಕನಿಗೂ ಬೇ, ಸಲಿಗೆಯ ಹೆಣ್ಣುಮಕ್ಕಳಿಗೆಲ್ಲ ಬೇ. "ಬಾ ಬೇ, ಉಣ್ಣು ಬೇ, ಸುಮ್ಕ ಮಲ್ಕೊ ಬೇ" ಎಂದು ಅಡುಗೆಮನೆಯಿಂದ ಕೇಳಿದರೆ ಒಳಗೆ ಯಾರೋ ನೆಂಟರು ಬಂದಿದ್ದಾರೆ ಅನ್ನಿಸಬೇಕು. ಅವಳು ನಾಯಿಯ ಬಗ್ಗೆ "ತಿಂದೈತಿ", "ಮಲಗೈತಿ" ಎಂದದ್ದು ನಾನು ಕೇಳಿಲ್ಲ. "ಉಂಡಾಳ", "ಮಲಗ್ಯಾಳ", "ಸಿಟ್ಟಿಗೆದ್ದಾಳ." ನಾನು ಆಡಿಕೊಳ್ಳುತ್ತಿದ್ದೆ. ವರ್ಷ ಕಳೆಯುವುದರೊಳಗೆ ನನ್ನ ಬಾಯಲ್ಲೂ ಅದೇ ರೂಢಿಯಾಗಿ ಕುಳಿತಿತು. ಇಲ್ಲಿ ಬರೆಯುವಾಗ ಮಾತ್ರ ಅದು ಎನ್ನುತ್ತಿದ್ದೇನೆ, ಓದುವವರಿಗೆ ಗೊಂದಲವಾಗಬಾರದು ಎಂದು.

ನಮಗೆ ಮಕ್ಕಳಿರಲಿಲ್ಲ. ಹೆಂಡತಿ ಒಂದು ಸಂಜೆ ಎದೆ ಹಿಡಿದುಕೊಂಡು ಕುಳಿತವಳು ಮತ್ತೆ ಏಳಲಿಲ್ಲ. ಆಮೇಲಿನ ದಿನಗಳನ್ನು ಬರೆಯಲು ನನಗೆ ಬರುವುದಿಲ್ಲ, ಬರೆಯುವ ಮನಸ್ಸೂ ಇಲ್ಲ. ನಾಯಿಯ ಬಗ್ಗೆಯಾದರೆ ಹೇಳಬಹುದು. ಅದಕ್ಕೆ ಒಬ್ಬಂಟಿಯಾಗಿರುವುದು ಆಗದಾಯಿತು. ನಾನು ಬಾಗಿಲು ಹಾಕಿ ಹೊರಟರೆ ಸಾಕು, ಅಳು ಶುರು. ಬೊಗಳುವುದಲ್ಲ, ಅಳುವುದು. ಒಮ್ಮೆ ಅಂಗಡಿಗೆ ಹೋಗಿ ಬರುವುದರೊಳಗೆ ಬಾಗಿಲನ್ನು ಕೆರೆದು ಕಚ್ಚಿ ಮೂತಿಯೆಲ್ಲ ರಕ್ತ ಮಾಡಿಕೊಂಡಿತ್ತು. ಕೆಳಗಿನ ಮನೆಯವರು ಮೇಲೆ ಬಂದು, "ಸರ್, ನಮ್ಮ ಮನ್ಯಾಗ ಸಣ್ಣ ಕೂಸು ಐತ್ರಿ, ಹಿಂಗಾದ್ರ ಹೆಂಗ?" ಎಂದರು. ಅವರದು ತಪ್ಪಿಲ್ಲ.

ಹಗಲಿಗೆ ತೊಂದರೆಯಿರಲಿಲ್ಲ. ತೊರವಿಯ ಹತ್ತಿರದ ಒಂದು ಸಂಸ್ಥೆಯ ಕಚೇರಿಯಲ್ಲಿ ನನ್ನ ಕೆಲಸ. ಊರಾಚೆಯ ದೊಡ್ಡ ಕಂಪೌಂಡು, ಕಿಟಕಿಯ ಹೊರಗೇ ಬೇವಿನ ಗಿಡ. ನಾನು ಕಾಣುವ ಹಾಗೆ ಕಟ್ಟಿದರೆ ಅದು ಸಂಜೆಯವರೆಗೂ ತೆಪ್ಪಗೆ ಬಿದ್ದಿರುತ್ತಿತ್ತು. ತೊಂದರೆ ಇದ್ದದ್ದು ಸಂಜೆಗಳದ್ದು, ಐತವಾರಗಳದ್ದು. ಮದುವೆ, ಗೃಹಪ್ರವೇಶ, ಜವಳ, ತೊಟ್ಟಿಲು. ನಮ್ಮ ಊರುಗಳಲ್ಲಿ ಮನುಷ್ಯ ಮನುಷ್ಯನ ಮುಖ ನೋಡುವುದು ಇಂಥ ಕಾರ್ಯಗಳಲ್ಲೇ. ಹೆಂಡತಿ ತೀರಿಕೊಂಡ ವರ್ಷ ನಾನು ಯಾವುದಕ್ಕೂ ಹೋಗಲಿಲ್ಲ. ಪಾಪ, ದುಃಖದಲ್ಲಿದ್ದಾನೆ ಎಂದರು. ಮರುವರ್ಷವೂ ಹೋಗಲಿಲ್ಲ. ಆಗ ಕರೆಯುವುದನ್ನೇ ಬಿಟ್ಟರು. ಎದುರು ಮನೆಯ ಮದುವೆಯ ಕಾರ್ಡು ನಮ್ಮ ಕೆಳಗಿನ ಮನೆಗೆ ಬಂತು, ಮೆಟ್ಟಿಲು ಹತ್ತಿ ಮೇಲೆ ಬರಲಿಲ್ಲ. ಅವತ್ತು ನನಗೆ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ನಾನು ಇದ್ದೇನೆ ಎಂಬುದೇ ಮಂದಿಗೆ ಮರೆತುಹೋಗುತ್ತದೆ. ನಾಯಿಯನ್ನು ಬಿಡಬೇಕು, ಇಲ್ಲವೇ ಮಂದಿಯನ್ನು ಬಿಡಬೇಕು. ಎರಡೂ ನನ್ನಿಂದ ಆಗುವಂತಿರಲಿಲ್ಲ.

ಬಬಲೇಶ್ವರದಲ್ಲಿ ನನ್ನ ಅಕ್ಕ ಇದ್ದಾಳೆ. ಅಲ್ಲಿನ ಬಜಾರಿನಲ್ಲಿ ಅವಳ ಗಂಡನ ಕಿರಾಣಿ ಅಂಗಡಿ. ನನಗೆ ಉಳಿದವಳು ಅವಳೊಬ್ಬಳೇ. ದಿನಕರ್ಮ ಮುಗಿದ ಹೊತ್ತಿನಲ್ಲೇ ಅವಳು, "ಅದನ್ನ ಎಲ್ಲ್ಯಾರ ದೂರ ಬಿಟ್ಟ ಬಾರೋ ತಮ್ಮಾ. ಅದನ್ನ ನೋಡಿದಾಗೊಮ್ಮೆ ಆಕಿ ನೆನಪಾಗತಾಳ" ಎಂದಿದ್ದಳು. ನಾನು ಹೂಂ ಎಂದಿದ್ದೆ. ಅವಳು ಬಿಟ್ಟೆನೆಂದೇ ತಿಳಿದಳು. ಆಮೇಲೆ ಫೋನು ಮಾಡಿದಾಗಲೆಲ್ಲ ಅವಳ ಮಾತು ಒಂದೇ: ಇನ್ನೊಂದು ಮದುವೆ. ಮಮದಾಪುರದಲ್ಲಿ ಒಬ್ಬಾಕಿ ಇದ್ದಾಳಂತೆ, ಚಲೋ ಮನೆತನವಂತೆ. ನಾನು, "ನೆಟ್‌ವರ್ಕ್ ಇಲ್ಲ ಅಕ್ಕಾ" ಎಂದು ಇಟ್ಟುಬಿಡುತ್ತಿದ್ದೆ.

ಮೊದಲ ಸಲ ನಾಯಿಯನ್ನು ಮಂದಿಯ ನಡುವೆ ಕರೆದುಕೊಂಡು ಹೋದದ್ದು ಶ್ರಾವಣದ ಒಂದು ಪ್ರವಚನಕ್ಕೆ. ಬಯಲಿನಲ್ಲಿ ಜಮಖಾನೆ ಹಾಸಿದ್ದರು. ತೀರಾ ಹಿಂದೆ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕುಳಿತೆ. ಅದು ನನ್ನ ತೊಡೆಯ ಮೇಲೆ ಗದ್ದ ಇಟ್ಟು ಮಲಗಿತು. ಎದೆ ಹೊಡೆದುಕೊಳ್ಳುತ್ತಿತ್ತು, ಅದರದಲ್ಲ, ನನ್ನದು. ಯಾರಾದರೂ ಎದ್ದು ಹೋಗು ಎಂದರೆ ಏನು ಜಗಳ ಮಾಡಬೇಕು ಎಂದು ಮಾತು ಜೋಡಿಸಿಕೊಂಡು ಕುಳಿತಿದ್ದೆ. ಪಕ್ಕದಲ್ಲಿದ್ದ, ತಲೆಗೆ ಪಟಕ ಸುತ್ತಿದ ಮುದುಕರು ಬಗ್ಗಿ ನೋಡಿ, "ಕಡಿತೈತೇನ್ರಿ?" ಎಂದರು. ಇಲ್ಲ ಎಂದೆ. "ಕೇಳ್ತೈತೇನ್ರಿ ಪ್ರವಚನ?" ಎಂದರು. "ನಮ್ಮಕಿಂತ ಚಲೋ ಕೇಳ್ತಾಳ್ರಿ" ಎಂದೆ. ಮುದುಕರು ಸದ್ದಿಲ್ಲದೆ ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ತಮ್ಮ ಹೊಲದ ನಾಯಿಯ ಕಥೆ ಹೇಳಿದರು, ಮಗನ ಕಥೆ ಹೇಳಿದರು, ಮೊಣಕಾಲು ನೋವಿನ ಕಥೆ ಹೇಳಿದರು. ಕಚೇರಿಯ ಹೊರಗೆ ಅಷ್ಟು ಹೊತ್ತು ನನ್ನೊಡನೆ ಯಾರಾದರೂ ಮಾತಾಡಿ ಬಹಳ ಕಾಲವಾಗಿತ್ತು. ಮನೆಗೆ ಬರುವಾಗ ನಾನು ಏನೋ ಗುನುಗುತ್ತಿದ್ದೆ.

ಧೈರ್ಯ ಬಂತು. ತಿಕೋಟಾದಲ್ಲಿ ನನ್ನ ಜೊತೆ ಕೆಲಸ ಮಾಡುವವರ ಮಗಳ ಮದುವೆಗೂ ಕರೆದುಕೊಂಡು ಹೋದೆ. ಎಲ್ಲ ಕಡೆಯೂ ಪಟಕದ ಮುದುಕರೇ ಇರುತ್ತಾರೇನು? ದ್ರಾಕ್ಷಿ ತೋಟದವರ ಮದುವೆ, ಕಾರುಗಳ ಸಾಲು ಡಾಂಬರು ರಸ್ತೆಯವರೆಗೂ ಇತ್ತು. ಪೆಂಡಾಲಿನ ಬಾಗಿಲಲ್ಲಿ ಅತ್ತರು ಚಿಮುಕಿಸುತ್ತಿದ್ದವನು ನನಗೆ ಚಿಮುಕಿಸಿ, ಕೆಳಗೆ ನೋಡಿ, "ಇದೇನ್ರಿ ಯಪ್ಪಾ!" ಎಂದು ಹಿಂದೆ ಸರಿದ. ಜರಿ ರುಮಾಲಿನ ಹಿರಿಯರೊಬ್ಬರು ಬಂದು, "ಅಕ್ಷತಾ ಬೀಳೂ ಹೊತ್ತಿನ್ಯಾಗ ನಾಯಿ ಒಳಗ ತರ್ತಾರೇನ್ರಿ? ಕಲತ ಮಂದಿ ನೀವು" ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಒಳಗ ಕುಂತಾವರೊಳಗ ಎಷ್ಟ ಮಂದಿ ಜಳಕಾ ಮಾಡಿ ಬಂದಾರ ಕೇಳ್ರಿ. ಇಕಿ ಮಾಡಿ ಬಂದಾಳ" ಎಂದುಬಿಟ್ಟೆ.

ಮದುಮಗಳ ತಂದೆ ಓಡಿ ಬಂದು ಕೈ ಮುಗಿದರು. ಅವರ ಮುಖ ನೋಡಿ ಸುಮ್ಮನಾದೆ. ಹೊರಗೆ ಟೆಂಪೋ ಡ್ರೈವರುಗಳು ನೆರಳಿಗೆ ಕುಳಿತಲ್ಲಿಗೆ ನನ್ನ ಊಟ ಕಳಿಸಿದರು. ಡ್ರೈವರುಗಳು ಜಾಗ ಮಾಡಿಕೊಟ್ಟರು, "ಮುಧೋಳದ್ದೇನ್ರಿ?" ಎಂದೂ ಕೇಳಿದರು. ಊಟ ಚೆನ್ನಾಗಿತ್ತು. ಒಳಗೆ ಅಕ್ಷತೆ ಬಿದ್ದದ್ದು ಮೈಕಿನಲ್ಲಿ ಕೇಳಿತು, ಕೈಯಲ್ಲಿದ್ದ ಅಕ್ಷತೆಯನ್ನು ನಾನು ಅಲ್ಲೇ ಟೆಂಪೋದ ಕಡೆ ಎರಚಿದೆ.

ಅದಾಗಿ ಸ್ವಲ್ಪ ದಿನಕ್ಕೆ ಅಕ್ಕನ ಫೋನು ಬಂತು. ಅವಳ ಮಗಳು ಬಸುರಿ, ಬರುವ ಐತವಾರ ಸೀಮಂತದ ಕುಬಸ.

"ಸೋದರಮಾವ ನೀ. ಹಸರ ಸೀರಿ ನಿನ್ನ ಕಡೀಂದನ ಬರಬೇಕು. ಈ ಸಲ ತಪ್ಪಸಬ್ಯಾಡ," ಎಂದಳು.

"ತಪ್ಪಸೂದಿಲ್ಲ" ಎಂದೆ. ಅಷ್ಟರಲ್ಲಿ ನಾಯಿ ಉಣ್ಣುವ ಹೊತ್ತಾಯಿತೆಂದು ನನ್ನ ಮೊಣಕಾಲಿಗೆ ಪಂಜ ಹಾಕಿತು. "ತಡಿ ಬೇ, ಅಕ್ಕನ ಜೋಡಿ ಮಾತಾಡಾಕತ್ತೇನಿ. ಆಮ್ಯಾಲ ಕೂಡೇ ಉಣ್ಣೂಣು," ಎಂದೆ.

ಅಕ್ಕ ಬಹಳ ಮೆಲ್ಲಗೆ, "ಎಷ್ಟ ಮಂದಿ ಬರ್ತೀರಿ?" ಎಂದಳು.

"ಇಬ್ಬರೂ ಬರ್ತೀವಿ."

"ಖರೇನೋ ತಮ್ಮಾ?"

"ಮತ್ತ? ಆಕಿನ್ನ ಒಬ್ಬಾಕಿನ್ನ ಮನ್ಯಾಗ ಬಿಟ್ಟ ಹೆಂಗ ಬರ್ಲಿ? ಅಳತಾಳ."

"ಬಿಡಬ್ಯಾಡಪಾ, ಬಿಡಬ್ಯಾಡ," ಎಂದಳು ಅಕ್ಕ. ಅವಳ ದನಿ ಒದ್ದೆಯಾಗಿತ್ತು. "ಉಣ್ಣೂದ್ರಾಗ ಏನರ ಪಥ್ಯ ಐತೇನು?"

"ಏನ ಹಾಕಿದ್ರೂ ಉಣ್ತಾಳ. ಹೋಳಿಗಿ ಒಂದ ಬ್ಯಾಡ, ಹೊಟ್ಟಿ ಕೆಡಿಸ್ಕೊಂತಾಳ."

"ಬಸ್ಸಿಗೆ ಬರ್ತೀರೋ ಹೆಂಗ?"

"ಸ್ಕೂಟರ್ ಮ್ಯಾಲ. ಮುಂದ ಕುಂದ್ರತಾಳ. ಗಾಳಿ ಬೇಕು ಆಕೀಗೆ."

"ಮುಂದ ಕುಂದ್ರತಾಳ?" ಎಂದು ಅಕ್ಕ ಕಿಸಕ್ಕನೆ ನಕ್ಕಳು. "ಈಗಿನ ಕಾಲಕ್ಕ ಎಲ್ಲಾ ನಡಿತೈತಿ ಬಿಡು. ಹುಷಾರಾಗಿ ಬರ್ರಿ."

ಫೋನು ಇಟ್ಟು ನಾಯಿಗೂ ನನಗೂ ಊಟ ಹಾಕಿದೆ. ತಿಕೋಟಾದ ಮದುವೆಯ ಸುದ್ದಿ ಅವಳ ಕಿವಿಗೆ ಬಿದ್ದಿರಬೇಕು, ನಾಯಿಯನ್ನು ಬಿಟ್ಟಿಲ್ಲ ಎಂದು ತಿಳಿದಿರಬೇಕು, ತಿಳಿದೂ ಸಿಟ್ಟಾಗದೆ ಕರೆದಿದ್ದಾಳೆ ಎಂದುಕೊಂಡೆ. ನನ್ನ ಅಕ್ಕನಂಥವಳು ಯಾರಿಗೂ ಇಲ್ಲ ಅನ್ನಿಸಿ ಕಣ್ಣು ತುಂಬಿತು.

ಐತವಾರ ನಾಯಿಗೆ ಶಾಂಪೂ ಹಾಕಿ ತೊಳೆದೆ. ಹಸಿರು ಸೀರೆಯ ಚೀಲ ಸ್ಕೂಟರಿನ ಕೊಕ್ಕೆಗೆ, ನಾಯಿ ನನ್ನ ಕಾಲುಗಳ ನಡುವೆ, ಕಿವಿಗಳು ಗಾಳಿಗೆ ಹಿಂದಕ್ಕೆ. ಬಬಲೇಶ್ವರದ ದಾರಿಯಲ್ಲಿ ಜೀಪಿನ ಹಿಂದೆ ಜೋತುಬಿದ್ದವರು ನಮ್ಮನ್ನು ನೋಡಿ ಸೀಟಿ ಹೊಡೆದರು. ನಾನೂ ಕೈ ಬೀಸಿದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ತಾಟು, ಅದರಲ್ಲಿ ಆರತಿ. ಅವಳ ಹಿಂದೆ ಓಣಿಯ ಹೆಣ್ಣುಮಕ್ಕಳೆಲ್ಲ ಕತ್ತು ಚಾಚಿ ನಿಂತಿದ್ದರು. ಇಷ್ಟು ಮರ್ಯಾದೆ ನನಗೆ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಒಳಗೆ ಪಡಸಾಲೆಯ ಮಣೆಯ ಮುಂದೆ ಇನ್ನೊಂದು ತಾಟಿನಲ್ಲಿ ಇಳಕಲ್ಲ ಸೀರೆ, ಖಣ, ಬಳೆ, ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ಇದ್ದದ್ದು ಆಮೇಲೆ ಕಂಡಿತು.

ಅಕ್ಕ ನನ್ನ ಬೆನ್ನ ಹಿಂದೆ ನೋಡಿದಳು. ರಸ್ತೆಯ ಕಡೆ ನೋಡಿದಳು.

"ಎಲ್ಲೋ ಆಕಿ?"

"ಇಲ್ಲೇ ಅದಾಳಲ್ಲಾ," ಎಂದೆ.

ನಾಯಿ ಸ್ಕೂಟರಿನಿಂದ ಇಳಿದು ಮೈ ಕೊಡವಿತು.

ಹಿಂದಿನಿಂದ ಕಣ್ಣು ಕಾಣದ ಮುದುಕಿಯೊಬ್ಬಳು, "ಹೊಸಾ ಸೊಸಿ ಬಂದ್ಲೇನವಾ? ಹೆಂಗ ಅದಾಳ, ಬೆಳ್ಳಗ ಅದಾಳೇನು?" ಎಂದು ಜೋರಾಗಿ ಕೇಳಿದಳು. ಆಗ ಒಬ್ಬಳು ಬಾಯಿಗೆ ಸೆರಗು ಒತ್ತಿದಳು, ಇನ್ನೊಬ್ಬಳಿಂದ ತಡೆಯಲಾಗಲಿಲ್ಲ. ಇಡೀ ಬಾಗಿಲೇ ನಕ್ಕಿತು. ಬಸುರಿ ಹುಡುಗಿ ಹೊಟ್ಟೆ ಹಿಡಿದುಕೊಂಡು, "ಮಾಮಾ, ನಗಸಬ್ಯಾಡೋ, ನೋವಾಕ್ಕೈತಿ" ಎಂದಳು. ಅಕ್ಕ ಒಬ್ಬಳು ನಗಲಿಲ್ಲ. ಆರತಿಯನ್ನು ಉಫ್ ಎಂದು ಆರಿಸಿ, ತಾಟನ್ನು ಕಟ್ಟೆಯ ಮೇಲೆ ಇಟ್ಟಳು.

ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. "ನಾಯಿಗೆ ಇಬ್ಬರು ಅಂತಾರೇನೋ? ಮನುಷ್ಯಾರಿಗೆ ಇಬ್ಬರು, ನಾಯಿ-ನರಿಗೆ ಎರಡು. ಸಾಲಿ ಕಲ್ತಿಲ್ಲೇನು ನೀ?"

"ಮತ್ತೇನ ಅನ್ನಬೇಕಿತ್ತು? ಒಂದೂವರಿ ಬರ್ತೀವಿ ಅನ್ನಬೇಕಿತ್ತೇನು?" ಎಂದು ನಾನೂ ಕೂಗಿದೆ.

"ಓಣಿಗೆಲ್ಲಾ ಹೇಳೀನೋ! ನನ್ನ ತಮ್ಮ ಜೋಡಿ ಮಾಡ್ಕೊಂಡಾನ, ಕರ್ಕೊಂಡ ಬರ್ತಾನ ಅಂತ ಹೇಳೀನೋ! ಆ ಸೀರಿ ನಾನ ಹೋಗಿ ಆರಿಸಿ ತಂದೀನಿ," ಎಂದು ಅಕ್ಕ ಅಲ್ಲೇ ನೀರಿನ ತೊಟ್ಟಿಯ ದಂಡೆಗೆ ಕುಳಿತು ಅತ್ತಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳ ಬೆನ್ನ ಮೇಲೆ ಕೈ ಇಟ್ಟೆ.

ಅವಳ ಗಂಡ ನಾಯಿಯನ್ನು ಹೊರಗೆ ಬೇವಿನ ಗಿಡಕ್ಕೆ ಕಟ್ಟಿದರು. ನಾನು ಒಳಗೆ ಹೋಗಿ ಮಣೆಯ ಮುಂದೆ ನಿಂತು ಹಸಿರು ಸೀರೆ ಕೊಡುವಷ್ಟರಲ್ಲಿ ಹೊರಗೆ ಅಳು ಶುರುವಾಯಿತು. ಹೆಣ್ಣುಮಕ್ಕಳು ದನಿ ಏರಿಸಿ ಹಾಡಿದರು, ನಾಯಿಯೂ ಏರಿಸಿತು. ಬೀಗರ ಕಡೆಯ ಹಿರಿಯಾಕೆ ಎದ್ದು ನಿಂತಳು. "ಬಸರಿ ಹೆಂಗಸಿನ ಕುಬಸದಾಗ ನಾಯಿ ಅಳಬಾರ್ದವಾ. ಇದು ಚಲೋ ಅಲ್ಲ." ಮಣೆಯ ಮೇಲಿದ್ದ ಹುಡುಗಿಯ ಮುಖದ ನಗು ಇಳಿದುಹೋಯಿತು. ಅದನ್ನು ನೋಡಿದ ಮೇಲೆ ನಾನು ನಿಲ್ಲಲಿಲ್ಲ. ಹೊರಗೆ ಹೋಗಿ ನಾಯಿಯ ಪಕ್ಕ ನೆಲದ ಮೇಲೆ ಕುಳಿತೆ. ಅದು ತಕ್ಷಣ ಸುಮ್ಮನಾಯಿತು. ಆರತಿಯ ಹಾಡು, ಬಳೆಯ ಸದ್ದು, ಎಲ್ಲರೂ ಒತ್ತಾಗಿ ನಿಂತು ಫೋಟೋ ತೆಗೆಸಿಕೊಂಡ ಗದ್ದಲ, ಎಲ್ಲವನ್ನೂ ಗೋಡೆಯ ಈ ಕಡೆಯಿಂದ ಕೇಳಿದೆ.

ಹೊರಡುವಾಗ ಅಕ್ಕ ಬುತ್ತಿ ಕಟ್ಟಿಕೊಟ್ಟು, "ತೊಟ್ಟಲಕ್ಕ ಒಬ್ಬನ ಬಾ" ಎಂದಳು.

ಹುಡುಗಿಗೆ ಹೆಣ್ಣು ಕೂಸು ಹುಟ್ಟಿತು, ಇಬ್ಬರೂ ಗಟ್ಟಿಯಾಗಿದ್ದರು. ಆ ಹಿರಿಯಾಕೆಗೆ ಫೋನು ಮಾಡಿ ಹೇಳಬೇಕು ಅನ್ನಿಸಿತ್ತು, ಬಿಟ್ಟೆ. ತೊಟ್ಟಿಲ ದಿನ ಕಚೇರಿಯ ಕಾವಲುಗಾರನ ಕೈಗೆ ಹಗ್ಗ ಕೊಟ್ಟೆ. ಗೇಟು ದಾಟುವಾಗ ಹಿಂದಿನಿಂದ ಅಳು ಕೇಳಿತು. ಸ್ಕೂಟರಿನ ವೇಗ ಹೆಚ್ಚಿಸಿದೆ.

ಅಕ್ಕನ ಮನೆಯ ಮುಂದೆ ಶಾಮಿಯಾನ. ಒಳಗೆ ಹೆಂಗಸರ ಜೋಗುಳ, ಹೊರಗೆ ಗಂಡಸರ ಕುರ್ಚಿಗಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಕುಳಿತೆ. ಯಾರೂ ನಗಲಿಲ್ಲ, ಯಾರೂ ಹಿಂದೆ ಸರಿಯಲಿಲ್ಲ. ಒಬ್ಬರು ಬಂದು, "ಒಬ್ಬರ ಬಂದೀರೇನ್ರಿ?" ಎಂದರು. ಹೌದ್ರಿ ಎಂದೆ. ತಲೆಯಾಡಿಸಿ ಹೋದರು. ಇನ್ನೊಬ್ಬರು ಗುಗ್ಗರಿಯ ಪೊಟ್ಟಣ ಕೊಡುತ್ತ, "ಒಬ್ಬರ ಏನ್ರಿ?" ಎಂದರು. ಬಬಲೇಶ್ವರದ ಮಂದಿಗೆ ಬೇರೆ ಮಾತೇ ಇಲ್ಲವೇ ಅನ್ನಿಸಿತು. ಆದರೆ ಇದು ಎಲ್ಲ ಊರಿನಲ್ಲೂ ಎಲ್ಲರನ್ನೂ ಕೇಳುವ ಮಾತೇ. ನಾಯಿ ಪಕ್ಕದಲ್ಲಿದ್ದಾಗ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ, ಅಷ್ಟೆ. ಬೈಯುತ್ತಿದ್ದರು, ಕಡಿಯುತ್ತದೆಯೇ ಎನ್ನುತ್ತಿದ್ದರು, ಮುಧೋಳದ್ದೋ ಎನ್ನುತ್ತಿದ್ದರು. ಪಕ್ಕದ ಕುರ್ಚಿ ಖಾಲಿಯೇ ಇತ್ತು. ಕೈ ಎಲ್ಲಿಡಬೇಕು ಎಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಿದ್ದೆ.

ಅಕ್ಕ ಚಹಾ ಹಿಡಿದು ಬಂದು ಆ ಕುರ್ಚಿಯಲ್ಲಿ ಕುಳಿತಳು.

"ಹಿಂಗ್ಯಾಕ ಕುಂತೀ? ಯಾರದರ ಜೋಡಿ ಮಾತಾಡಬಾರ್ದಾ?"

"ಏನ ಮಾತಾಡ್ಲಿ? ಒಬ್ಬರ ಬಂದೀರೇನು ಅಂತಾರ, ಹೌದ್ರಿ ಅಂತೇನಿ, ಹೋಗ್ತಾರ. ಆಕಿ ಇದ್ರ ಒಂದೀಟ ನಿಂದರತಿದ್ರು."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾಯಿ ಅಳೂದಕ್ಕ ಅಂಜಿ ನಾ ಒಬ್ಬನ ಬಾ ಅನ್ನಲಿಲ್ಲೋ ತಮ್ಮಾ. ನೀ ಒಬ್ಬನ ಕುಂತದ್ದ ಮಂದಿ ನೋಡ್ಲಿ ಅಂತ ಅಂದೆ. ನೋಡಿದ್ರ ಹೆಣ್ಣ ಇದ್ದಾವರು ಬಂದು ಕೇಳ್ತಾರ. ಬಗಲಾಗ ನಾಯಿ ಇಟ್ಕೊಂಡ್ರ ನಿನಗ ಯಾರೂ ಬೇಕಾಗಿಲ್ಲ ಅಂತ ತಿಳ್ಕೊಂತಾರ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಖರೇ ಹೇಳ್ಲೇನಕ್ಕಾ? ಬೇಕಾಗಿಲ್ಲ."

"ಯಾವತ್ತೂ?"

"ಯಾವತ್ತೂ."

ಒಳಗೆ ಯಾರೋ ಕೂಸನ್ನು ಎತ್ತಿಕೊ ಬಾ ಎಂದು ಅಕ್ಕನನ್ನು ಕೂಗಿದರು. ಅವಳು ಓಗೊಡಲಿಲ್ಲ. ನನ್ನ ಮುಖವನ್ನೇ ನೋಡಿದಳು, ಚಿಕ್ಕಂದಿನಲ್ಲಿ ಜ್ವರ ಬಂದಾಗ ನೋಡುತ್ತಿದ್ದಂತೆ. ಆಮೇಲೆ ಎದ್ದು ಸೀರೆ ಸರಿಮಾಡಿಕೊಂಡು, "ಹಂಗಾರ ಮುಂದಿನ ಸಲ ಆಕಿನ್ನ ಕರ್ಕೊಂಡ ಬಾ. ಯಾರ ಏನಂತಾರ ನಾ ನೋಡ್ಕೊಂತೇನಿ" ಎಂದು ಒಳಗೆ ಹೋದಳು.

ಅದನ್ನು ಹಿಡಿದುಕೊಂಡು ಬಾ ಎನ್ನಲಿಲ್ಲ, ಆಕೆಯನ್ನು ಕರೆದುಕೊಂಡು ಬಾ ಎಂದಳು. ಇಷ್ಟು ದಿನ ನಾನು ಹೊಡೆದಾಡಿದ್ದು ಇದಕ್ಕೇ. ಗೆದ್ದೆನಲ್ಲ ಎಂದು ಚಹಾ ಬಾಯಿಗಿಟ್ಟವನು ಲೋಟವನ್ನು ಆ ಖಾಲಿ ಕುರ್ಚಿಯ ಮೇಲೆ ಇಟ್ಟೆ. ನನಗಾಗಿ ಯಾರೋ ಬರುತ್ತಾರೆ ಎಂದು ಈ ಭೂಮಿಯ ಮೇಲೆ ಕಾಯುತ್ತಿದ್ದವಳು ಅಕ್ಕ ಒಬ್ಬಳೇ. ಈಗ ಅವಳೂ ಕಾಯುವುದನ್ನು ಬಿಟ್ಟಳು.